ಗಾರ್ನನ್ಸ್ ವಿಲಿಯಮ್ಸ್ ರಣರಂಗದಲ್ಲಿ ಗೆಲ್ಲಲಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಕ್ರೀಡಾಪುಟದಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆಟಗಾರರ ಕುರಿತು ಪ್ರಕಟವಾದ ಬರಹವನ್ನು ಇಲ್ಲಿ ಕಾರ್ಡಿಫ್‌ನಲ್ಲಿ ಕುಳಿತು ಓದಿದೆ. ವೇಲ್ಸ್ ದೇಶದ ರಗ್ಬಿಯ ಬಗ್ಗೆ ಕನ್ನಡದಲ್ಲಿ ಎರಡು ಸಾಲು ಅಚ್ಚಾಗುವುದೇ ಅಪರೂಪ. ಧಾರವಾಡದಲ್ಲಿ ಹುಟ್ಟಿ ಬೆಳೆದು, ದುಡಿಮೆಯ ಕಾಲವನ್ನೆಲ್ಲ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ವೈದ್ಯನಾಗಿ ಕಳೆದು, ಶನಿವಾರದ ಪಂದ್ಯದಲ್ಲಿ ಮೂಗು ಮುರಿದುಕೊಂಡು ಸೋಮವಾರ ಬರುವವರ ಉಪಚಾರ ಮಾಡುತ್ತಲೇ ಈ ಆಟದ ಪರಿಚಯ ಮಾಡಿಕೊಂಡ ನನ್ನಂಥವನಿಗೆ ಅಂಥ ಬರಹ ಕಂಡರೆ ಸಂತೋಷವಾಗುವುದು ಸಹಜ. ಆದರೂ ಈ ಪತ್ರ ಬರೆಯುತ್ತಿರುವುದು ಮೆಚ್ಚುಗೆಗಿಂತ ಹೆಚ್ಚಾಗಿ ಒಂದು ಆಕ್ಷೇಪವನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ.

ಆ ಬರಹದಲ್ಲಿ ಲೆಫ್ಟಿನೆಂಟ್ ಕರ್ನಲ್ ರಿಚರ್ಡ್ ಡೇವಿಸ್ ಗಾರ್ನನ್ಸ್ ವಿಲಿಯಮ್ಸ್ ಅವರಿಗೆ ಒಂದು ಪ್ಯಾರಾ ಮೀಸಲಾಗಿತ್ತು. ಅವರು 1881ರಲ್ಲಿ ಇಂಗ್ಲೆಂಡ್ ವಿರುದ್ಧ 82-0 ಅಂಕಗಳಿಂದ ಸೋತ ವೇಲ್ಸ್ ತಂಡದಲ್ಲಿದ್ದರೆಂದೂ, ಆ ಅವಮಾನವನ್ನು ಮರೆಯದೆ ಮೈದಾನದಿಂದ ಯುದ್ಧಭೂಮಿಗೆ ನಡೆದು 1915ರಲ್ಲಿ ಫ್ರಾನ್ಸಿನ ಲೋಸ್ ಕದನದಲ್ಲಿ ವೀರಮರಣ ಹೊಂದಿದರೆಂದೂ ಬರೆಯಲಾಗಿತ್ತು. ‘ಮೈದಾನದಲ್ಲಿ ಸೋತರು, ರಣರಂಗದಲ್ಲಿ ಗೆದ್ದರು’ ಎಂಬ ಉಪಶೀರ್ಷಿಕೆಯೂ ಇತ್ತು. ಹೆಸರು ‘ಗಾರ್ನರ್ ವಿಲಿಯಂ’ ಎಂದು ಅಚ್ಚಾಗಿತ್ತು. ಅದನ್ನು ಕೈತಪ್ಪೆಂದು ಬಿಡಬಹುದು. ಬಿಡಲಾಗದ್ದು ಉಪಶೀರ್ಷಿಕೆ. ಓದಲು ಅದು ಚೆನ್ನಾಗಿದೆ, ಆದರೆ ಅದರ ಉತ್ತರಾರ್ಧ ನಿಜವಲ್ಲ, ಪೂರ್ವಾರ್ಧಕ್ಕೂ ಉತ್ತರಾರ್ಧಕ್ಕೂ ಅದು ಕಲ್ಪಿಸುವ ಸಂಬಂಧ ಇರಲೇ ಇಲ್ಲ.

ಮೊದಲು ಆ ಪಂದ್ಯದ ವಿಷಯ. ಅದು ನಡೆದದ್ದು 1881ರ ಫೆಬ್ರುವರಿ 19ರಂದು, ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿದ್ದ ರಿಚರ್ಡ್‌ಸನ್ಸ್ ಫೀಲ್ಡ್ ಎಂಬ ಬಯಲಿನಲ್ಲಿ. ವೇಲ್ಸ್ ಎಂಬ ಹೆಸರಿನಲ್ಲಿ ಒಂದು ರಗ್ಬಿ ತಂಡ ಬೇರೊಂದು ದೇಶದ ವಿರುದ್ಧ ಕಣಕ್ಕಿಳಿದದ್ದು ಅದೇ ಮೊದಲು. ತಂಡ ಕಟ್ಟಿದವರು ನ್ಯೂಪೋರ್ಟ್ ಊರಿನ ರಿಚರ್ಡ್ ಮುಲಕ್. ಅವರ ಹಿಂದೆ ಇಡೀ ದೇಶದ ಕ್ಲಬ್ಬುಗಳು ಒಪ್ಪಿದ ಒಂದು ಸಂಸ್ಥೆ ಇರಲಿಲ್ಲ, ಆಯ್ಕೆಗೆ ಗೊತ್ತಾದ ಒಂದು ಕ್ರಮವಿರಲಿಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಓದಿದವರು, ಪಾದ್ರಿಯಾಗಲಿದ್ದವರು, ಸೈನ್ಯದ ಅಧಿಕಾರಿಗಳು, ಅಲ್ಲೊಬ್ಬ ಇಲ್ಲೊಬ್ಬ ಕ್ಲಬ್ ಆಟಗಾರರು, ಹೀಗೆ ಹದಿನೈದು ಜನರನ್ನು ಮುಲಕ್ ಒಟ್ಟುಗೂಡಿಸಿದರು. ನಾಯಕ ಜೇಮ್ಸ್ ಬೆವನ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು, ಮುಂದೆ ಪಾದ್ರಿಯಾದವರು. ಅದೇ ದಿನ ದಕ್ಷಿಣ ವೇಲ್ಸ್‌ನ ಕಪ್ ಪಂದ್ಯಾವಳಿಯಲ್ಲಿ ಸ್ವಾನ್ಸಿಗೂ ಲನೆಲ್ಲಿಗೂ ಪಂದ್ಯ ಗೊತ್ತಾಗಿದ್ದುದರಿಂದ ಆ ಊರುಗಳ ಒಳ್ಳೆಯ ಆಟಗಾರರು ಲಂಡನ್ನಿನ ಕಡೆ ಮುಖ ಹಾಕುವ ಪ್ರಶ್ನೆಯೇ ಇರಲಿಲ್ಲ. ಕರೆದವರಲ್ಲಿ ಇಬ್ಬರು ಬಾರದೇ ಹೋದದ್ದರಿಂದ, ನೋಡಲು ಬಂದಿದ್ದವರಲ್ಲಿ ವೇಲ್ಸ್‌ನೊಡನೆ ಏನೋ ಒಂದು ನಂಟಿದ್ದ ಇಬ್ಬರನ್ನು ಹಿಡಿದು ಅಂಗಿ ತೊಡಿಸಿ ಇಳಿಸಿದರೆಂಬ ಮಾತು ಇಲ್ಲಿ ಇಂದಿಗೂ ನಗುನಗುತ್ತ ಹೇಳಲ್ಪಡುತ್ತದೆ. ಬಟ್ಟೆ ಬದಲಿಸಿಕೊಳ್ಳಲು ಅವರಿಗೆ ಒದಗಿದ ಜಾಗವೆಂದರೆ ಹತ್ತಿರದ ಒಂದು ಪಬ್. ಇಂಥ ತಂಡದ ಮುಂಪಂಕ್ತಿಯಲ್ಲಿ, ಆಗ 24 ವಯಸ್ಸಿನವರಾಗಿದ್ದ ಗಾರ್ನನ್ಸ್ ವಿಲಿಯಮ್ಸ್ ಒಬ್ಬ ಫಾರ್ವರ್ಡ್ ಆಗಿ ಆಡಿದರು. ದೇಶದ ಪರವಾಗಿ ಅವರು ಆಡಿದ ಮೊದಲ ಪಂದ್ಯ ಅದು, ಕೊನೆಯ ಪಂದ್ಯವೂ ಅದೇ.

ಇನ್ನು ಆ 82-0 ಎಂಬ ಅಂಕ. ಪಂದ್ಯ ಮುಗಿದಾಗ ಯಾರೂ ಅಂಥ ಅಂಕವನ್ನು ಬರೆದುಕೊಳ್ಳಲಿಲ್ಲ, ಏಕೆಂದರೆ ಆಗ ಅಂಕಗಳೇ ಇರಲಿಲ್ಲ. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಊರುವುದನ್ನು ‘ಟ್ರೈ’ ಎನ್ನುತ್ತಾರೆ. ಟ್ರೈ ಎಂದರೆ ಪ್ರಯತ್ನ. ಹಾಗೆ ಊರಿದವನಿಗೆ ಗೋಲಿನ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒದೆಯುವ ಒಂದು ಪ್ರಯತ್ನದ ಹಕ್ಕು ಸಿಗುತ್ತಿತ್ತು ಎಂಬುದರಿಂದ ಆ ಹೆಸರು. ಆ ಒದೆತ ಗುರಿಮುಟ್ಟಿದರೆ ಗೋಲು. ಪಂದ್ಯದ ತೀರ್ಮಾನವಾಗುತ್ತಿದ್ದುದು ಮುಖ್ಯವಾಗಿ ಗೋಲುಗಳಿಂದ. ಅಂದು ಇಂಗ್ಲೆಂಡಿನ ಲೆಕ್ಕ ಏಳು ಗೋಲು, ಒಂದು ಡ್ರಾಪ್ ಗೋಲು (ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಒದ್ದು ಗಳಿಸುವಂಥದ್ದು), ಗೋಲಾಗದೆ ಉಳಿದ ಆರು ಟ್ರೈ. ವೇಲ್ಸ್‌ನ ಲೆಕ್ಕ ಸೊನ್ನೆ. ಈಗಿನ ನಿಯಮದಂತೆ ಗೋಲಾದ ಏಳು, ಆಗದ ಆರು, ಒಟ್ಟು ಹದಿಮೂರು ಟ್ರೈಗಳಿಗೆ ತಲಾ 5ರಂತೆ 65, ಏಳು ಒದೆತಗಳಿಗೆ ತಲಾ 2ರಂತೆ 14, ಡ್ರಾಪ್ ಗೋಲಿಗೆ 3 ಎಂದು ಕೂಡಿಸಿದರೆ 82 ಬರುತ್ತದೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಎಷ್ಟೋ ವರ್ಷಗಳ ನಂತರ ಬಂದ ನಿಯಮದ ಬೆಲೆಯನ್ನು 1881ರ ಆಟಗಾರರ ತಲೆಗೆ ಕಟ್ಟಿ, ಆ ಅಂಕದ ಭಾರವನ್ನು ಅವರು ಬದುಕಿಡೀ ಹೊತ್ತು ತಿರುಗಿದರೆಂದು ಬರೆಯುವುದು ಸರಿಯಲ್ಲ. ಸೋಲು ದೊಡ್ಡದೇ, ನಾಚಿಕೆಗೇಡಿನದೇ. ಮರುವರ್ಷ ಇಂಗ್ಲೆಂಡ್ ಈ ತಂಡದೊಡನೆ ಪೂರ್ಣ ಪಂದ್ಯ ಆಡುವ ಗೋಜಿಗೇ ಹೋಗಲಿಲ್ಲ ಎಂಬುದು ಅದಕ್ಕೆ ಸಾಕಷ್ಟು ಸಾಕ್ಷಿ. 82ರ ನೆರವು ಬೇಕಿಲ್ಲ.

ಆ ಸೋಲಿಗೆ ಉತ್ತರ ಎಲ್ಲಿ ದೊರೆಯಿತು ಎಂಬುದನ್ನಾದರೂ ತಮ್ಮ ಲೇಖಕರು ಹೇಳಬಹುದಿತ್ತು. ಒಂದು ತಿಂಗಳೂ ತುಂಬುವ ಮೊದಲು, 1881ರ ಮಾರ್ಚ್ 12ರಂದು, ನೀತ್ ಪಟ್ಟಣದ ಕ್ಯಾಸಲ್ ಹೋಟೆಲಿನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ವೇಲ್ಸ್‌ನ ರಗ್ಬಿ ಒಕ್ಕೂಟವನ್ನು ಸ್ಥಾಪಿಸಿದರು. 1882ರ ಜನವರಿಯಲ್ಲಿ ಡಬ್ಲಿನ್‌ಗೆ ಹೋಗಿ ಐರ್ಲೆಂಡನ್ನು ಸೋಲಿಸಿದರು. 1890ರಲ್ಲಿ ಡ್ಯೂಸ್‌ಬರಿಯಲ್ಲಿ ಇಂಗ್ಲೆಂಡಿನ ವಿರುದ್ಧವೇ ಮೊದಲ ಗೆಲುವು ಬಂತು. 1893ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂವರನ್ನೂ ಒಂದೇ ಋತುವಿನಲ್ಲಿ ಮಣಿಸಿದ್ದಾಯಿತು. 1905ರಲ್ಲಿ, ಬ್ರಿಟನ್ನಿನ ಪ್ರವಾಸದಲ್ಲಿ ಅಲ್ಲಿಯವರೆಗೆ ಯಾರಿಗೂ ಬಗ್ಗದಿದ್ದ ನ್ಯೂಜಿಲೆಂಡ್ ಕಾರ್ಡಿಫ್‌ನಲ್ಲಿ 3-0 ಅಂತರದಲ್ಲಿ ಸೋತಿತು. ಬ್ಲ್ಯಾಕ್‌ಹೀತ್‌ನ ಬಾಕಿ ತೀರಿದ್ದು ಹೀಗೆ, ಆಟದ ಬಯಲಿನಲ್ಲೇ, ಬೇರೆ ಆಟಗಾರರ ಕೈಯಲ್ಲಿ. ಅದಕ್ಕಾಗಿ ಫ್ರಾನ್ಸಿನಲ್ಲಿ ಯಾರೂ ಪ್ರಾಣ ಕೊಡಬೇಕಾಗಿರಲಿಲ್ಲ.

ಮೈದಾನದಿಂದ ಯುದ್ಧಭೂಮಿಗೆ ನಡೆದರು ಎಂಬ ಮಾತಿಗೆ ಬರುತ್ತೇನೆ. ಗಾರ್ನನ್ಸ್ ವಿಲಿಯಮ್ಸ್ ಹುಟ್ಟಿದ್ದು 1856ರ ಜೂನ್ 15ರಂದು, ವೈ ನದಿಯ ದಂಡೆಯ ರ‍್ಯಾಡ್ನರ್‌ಷೈರ್‌ನ ಲೋವೆಸ್ ಎಂಬ ಹಳ್ಳಿಯಲ್ಲಿ. (ಆ ಹೆಸರಿನ ಮೊದಲ ಅಕ್ಷರ ವೆಲ್ಷ್ ಭಾಷೆಯಲ್ಲಿ ನಮ್ಮ ಲಕಾರವೂ ಅಲ್ಲ, ಳಕಾರವೂ ಅಲ್ಲ, ಇಷ್ಟು ವರ್ಷ ಇಲ್ಲಿದ್ದೂ ನನ್ನ ನಾಲಿಗೆಗೆ ಅದು ಒಗ್ಗಿಲ್ಲ.) ತಂದೆ ಪಾದ್ರಿ. ಬ್ರೆಕನ್ ಸೀಮೆಯ ಹಳೆಯ ಜಮೀನ್ದಾರಿ ಮನೆತನ. ಆ ಕಾಲದ ಅಂಥ ಮನೆಗಳ ಗಂಡುಮಕ್ಕಳಿಗೆ ಚರ್ಚು ಇಲ್ಲವೆ ಸೈನ್ಯ ಎಂಬ ಎರಡು ದಾರಿಗಳು ಸಿದ್ಧವಿದ್ದವು, ಇವರು ಎರಡನೆಯದನ್ನು ಹಿಡಿದರು. ಬ್ಲ್ಯಾಕ್‌ಹೀತ್‌ಗೆ ಬರುವ ವೇಳೆಗಾಗಲೇ ಅವರು ಸೈನ್ಯದ ಅಧಿಕಾರಿ. ರಾಯಲ್ ಫ್ಯೂಸಿಲಿಯರ್ಸ್ ಅವರ ರೆಜಿಮೆಂಟು. ರಗ್ಬಿ ಆಡಿದ್ದು ಬ್ರೆಕನ್ ಮತ್ತು ನ್ಯೂಪೋರ್ಟ್ ತಂಡಗಳಿಗೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಕಾಯಂ ಸೈನ್ಯದಿಂದ ನಿವೃತ್ತರಾಗಿ, ತಮ್ಮ ಸೀಮೆಯ ಸ್ವಯಂಸೇವಕ ಪಡೆಯಲ್ಲಿ ಇನ್ನಷ್ಟು ವರ್ಷ ದುಡಿದರು. ಬ್ರೆಕನ್ ಪೂರ್ತಿ ಸೈನಿಕರ ಊರು, ಇಂದಿಗೂ ಅಲ್ಲಿನ ಕತೀಡ್ರಲಿನೊಳಗೆ ರೆಜಿಮೆಂಟಿನ ಬಾವುಟಗಳು ತೂಗುತ್ತಿವೆ. ಎಂದರೆ ಈ ಮನುಷ್ಯ ಆಟ ಬಿಟ್ಟು ಸೈನ್ಯಕ್ಕೆ ಹೋದವರಲ್ಲ; ಸೈನಿಕರಾಗಿದ್ದು, ಒಂದು ಮಧ್ಯಾಹ್ನ ದೇಶಕ್ಕಾಗಿ ಆಡಿ ಬಂದವರು. ಬ್ಲ್ಯಾಕ್‌ಹೀತ್‌ಗೂ ಅವರ ಸಾವಿಗೂ ನಡುವೆ ಮೂವತ್ತನಾಲ್ಕು ವರ್ಷ ಏಳು ತಿಂಗಳ ಅಂತರವಿದೆ. ಆ ಅಂತರವನ್ನು ಒಂದು ಅಲ್ಪವಿರಾಮದಲ್ಲಿ ದಾಟಿಬಿಟ್ಟರೆ ಬದುಕು ಹೋಗಿ ದೃಷ್ಟಾಂತ ಮಾತ್ರ ಉಳಿಯುತ್ತದೆ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಯುದ್ಧಮಂತ್ರಿ ಕಿಚನರ್ ಲಕ್ಷಗಟ್ಟಲೆ ಸ್ವಯಂಸೇವಕರನ್ನು ಕರೆದರು. ಜನ ಬಂದರು, ಅವರಿಗೆ ಕೊಡಲು ಬಂದೂಕು ಇರಲಿಲ್ಲ, ಸಮವಸ್ತ್ರ ಇರಲಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಕಲಿಸುವ ಅಧಿಕಾರಿಗಳಿರಲಿಲ್ಲ. ಹಾಗಾಗಿ ಎಂದೋ ನಿವೃತ್ತರಾಗಿದ್ದವರನ್ನು ಮನೆಯಿಂದ ಕರೆಸಿಕೊಂಡರು. ಐವತ್ತೆಂಟರ ಗಾರ್ನನ್ಸ್ ವಿಲಿಯಮ್ಸ್ ಹಳೆಯ ರೆಜಿಮೆಂಟಿಗೆ ಮರಳಿದ್ದು ಹೀಗೆ. ಹೊಸದಾಗಿ ಕಟ್ಟಿದ 12ನೆಯ ಬೆಟಾಲಿಯನ್ ಅವರ ಕೈಗೆ ಬಂತು. ಕಾರಕೂನರು, ಅಂಗಡಿಯ ಆಳುಗಳು, ಕೂಲಿಗಳು ತುಂಬಿದ ಇಂಥ ಬೆಟಾಲಿಯನ್‌ಗಳಿಂದಲೇ 24ನೆಯ ಡಿವಿಷನ್ ತಯಾರಾಯಿತು. ಆ ಡಿವಿಷನ್ ಫ್ರಾನ್ಸಿಗೆ ಬಂದಿಳಿದದ್ದು 1915ರ ಸೆಪ್ಟೆಂಬರ್ ಆರಂಭದ ಹೊತ್ತಿಗೆ. ಲೋಸ್ ಕದನ ಆರಂಭವಾದದ್ದು ಸೆಪ್ಟೆಂಬರ್ 25ರಂದು. ಈ ಎರಡು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಓದುಗರಲ್ಲಿ ನನ್ನ ಕೋರಿಕೆ. ಕಂದಕದಲ್ಲಿ ಒಂದು ರಾತ್ರಿಯನ್ನೂ ಕಾಣದ ಸೈನಿಕರನ್ನು, ಬ್ರಿಟಿಷ್ ಸೈನ್ಯ ಅಲ್ಲಿಯವರೆಗೆ ನಡೆಸಿದ್ದ ಅತ್ಯಂತ ದೊಡ್ಡ ದಾಳಿಗೆ ಮೀಸಲು ಪಡೆಯಾಗಿ ಕರೆತರಲಾಯಿತು.

ಲೋಸ್ ಇರುವುದು ಉತ್ತರ ಫ್ರಾನ್ಸಿನ ಕಲ್ಲಿದ್ದಲು ಸೀಮೆಯಲ್ಲಿ, ಲಾನ್ಸ್ ಪಟ್ಟಣದ ಹತ್ತಿರ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋದಾಗ ನನಗೆ ಮೊದಲು ಕಂಡದ್ದು ಗಣಿಯ ಕಸವನ್ನು ಸುರಿದು ಸುರಿದು ಬೆಳೆದ ಕಪ್ಪು ಗುಡ್ಡಗಳು. ನಾನು ದುಡಿದ ಕಣಿವೆಗಳಲ್ಲೂ ಅಂಥವೇ ಗುಡ್ಡಗಳಿದ್ದವು. ಭಾಷೆ ಬೇರೆ ಎಂಬುದನ್ನು ಬಿಟ್ಟರೆ ರಾಂಡಾ ಕಣಿವೆಯಿಂದ ಹೊರಟು ಮತ್ತೆ ಅಲ್ಲಿಗೇ ಬಂದಂತಿತ್ತು. 12ನೆಯ ಬೆಟಾಲಿಯನ್ ಇದ್ದ 73ನೆಯ ಬ್ರಿಗೇಡನ್ನು ಕಳಿಸಿದ್ದು ಇಂಥದೇ ಒಂದು ಜಾಗಕ್ಕೆ. ಫಾಸ್ 8, ಎಂದರೆ ಎಂಟನೆಯ ನಂಬರಿನ ಗಣಿ. ಅದರ ಮಗ್ಗುಲಿಗೆ ಒಂದು ಕಸದ ದಿಬ್ಬ, ಮುಂದೆ ಹೋಹೆನ್‌ಜೋಲರ್ನ್ ಎಂದು ಹೆಸರಾದ ಜರ್ಮನ್ ಕೋಟೆಕಂದಕ. ಚಪ್ಪಟೆ ಬಯಲಿನಲ್ಲಿ ಆ ದಿಬ್ಬ ಯಾರ ಕೈಯಲ್ಲಿದೆಯೋ ಅವರಿಗೆ ಸುತ್ತಲಿನ ನೆಲವೆಲ್ಲ ಕಾಣುತ್ತಿತ್ತು. 25ರ ಬೆಳಿಗ್ಗೆ ಸ್ಕಾಟಿಷ್ ಡಿವಿಷನ್ ಒಂದು ಅಪಾರ ಸಾವುನೋವು ಉಂಡು ಅದನ್ನು ಹಿಡಿದಿತ್ತು. ಅಂದೇ ಬ್ರಿಟಿಷರು ಮೊತ್ತಮೊದಲ ಬಾರಿಗೆ ವಿಷಾನಿಲವನ್ನು, ಕ್ಲೋರಿನ್ನನ್ನು, ಸಿಲಿಂಡರುಗಳಿಂದ ಬಿಟ್ಟಿದ್ದರು. ಗಾಳಿ ಸರಿಯಾಗಿ ಬೀಸದೆ ಅದು ಕೆಲವೆಡೆ ಅವರ ಕಂದಕಗಳಿಗೇ ಮರಳಿತ್ತು.

ಮೀಸಲು ಪಡೆಗಳನ್ನು ಸೇನಾಧಿಪತಿ ಸರ್ ಜಾನ್ ಫ್ರೆಂಚ್ ತೀರ ಹಿಂದೆ ಇರಿಸಿಕೊಂಡಿದ್ದರು. ಆದ್ದರಿಂದ ಆ ಸೈನಿಕರು ಹಲವು ರಾತ್ರಿ ಸತತವಾಗಿ ನಡೆದು, ಗಾಡಿಗಳಿಂದ ಕಿಕ್ಕಿರಿದ ರಸ್ತೆಗಳಲ್ಲಿ ಗಂಟೆಗಟ್ಟಲೆ ನಿಂತು, ಮಳೆಯಲ್ಲಿ ನೆನೆದು, ಅಡುಗೆಯ ಬಂಡಿಗಳು ಹಿಂದೆ ಉಳಿದದ್ದರಿಂದ ಬಿಸಿಯೂಟ ಕಾಣದೆ, ಕತ್ತಲಲ್ಲಿ, ಎಂದೂ ನೋಡದ ನೆಲದ ಮೇಲೆ, ದಣಿದು ಹೋಗಿದ್ದ ಸ್ಕಾಟಿಷ್ ಸೈನಿಕರ ಜಾಗಕ್ಕೆ ಹೋಗಿ ನಿಲ್ಲಬೇಕಾಯಿತು. ಜರ್ಮನರು ಮತ್ತೆ ಮತ್ತೆ ಮೇಲೇರಿ ಬಂದರು. 27ರಂದು ಫಾಸ್ 8 ಅವರ ಕೈಗೆ ಮರಳಿತು. 24ನೆಯ ಡಿವಿಷನ್ನಿನ ಉಳಿದ ಬ್ರಿಗೇಡುಗಳು ಇನ್ನೊಂದು ಡಿವಿಷನ್ನಿನ ಜೊತೆಗೂಡಿ 26ರಂದು, ಹಗಲು ಹೊತ್ತಿನಲ್ಲೇ, ಕತ್ತರಿಸದೆ ಉಳಿದಿದ್ದ ಮುಳ್ಳುತಂತಿಯ ಕಡೆಗೆ ನಡೆದು ಕೆಲವೇ ಗಂಟೆಗಳಲ್ಲಿ ಸಾವಿರಗಟ್ಟಲೆ ಉದುರಿದ್ದವು. ಫಾಸ್ 8ರ ಈ ಗಲಿಬಿಲಿಯಲ್ಲೇ, ತಮ್ಮ ಬೆಟಾಲಿಯನ್ನಿನ ನಡುವೆ, ಗಾರ್ನನ್ಸ್ ವಿಲಿಯಮ್ಸ್ ಸತ್ತರು. ಅವರಿಗೆ ಆಗ 59 ವರ್ಷ. ಗುರುತಿಸಬಲ್ಲ ಸಮಾಧಿ ಅವರಿಗಿಲ್ಲ. ಡಡ್ ಕಾರ್ನರ್ ಎಂಬಲ್ಲಿರುವ ಲೋಸ್ ಸ್ಮಾರಕದ ಗೋಡೆಗಳ ಮೇಲೆ, ಅವರಂತೆಯೇ ಗೋರಿಯಿಲ್ಲದ ಇಪ್ಪತ್ತು ಸಾವಿರಕ್ಕೂ ಮಿಕ್ಕಿದವರ ನಡುವೆ ಅವರ ಹೆಸರಿದೆ. ಹೆಸರುಗಳನ್ನು ರೆಜಿಮೆಂಟಿನ ಪ್ರಕಾರ, ರೆಜಿಮೆಂಟಿನೊಳಗೆ ಹುದ್ದೆಯ ಪ್ರಕಾರ ಕೆತ್ತಿರುವುದರಿಂದ ಅವರದನ್ನು ಹುಡುಕಲು ಕಷ್ಟವಿಲ್ಲ. ಕೆಳಗಿನ ಸಾಮಾನ್ಯ ಸಿಪಾಯಿಗಳ ಪಟ್ಟಿಯಲ್ಲಿ ಒಬ್ಬನನ್ನು ಹುಡುಕುವುದಕ್ಕೆ ಮಾತ್ರ ತಾಳ್ಮೆ ಬೇಕು.

ಇದನ್ನು ಗೆಲುವು ಎನ್ನಲು ಯಾವ ಆಧಾರವಿದೆ? ಲೋಸ್‌ನಲ್ಲಿ ಬ್ರಿಟಿಷರಿಗೆ ಐವತ್ತು ಸಾವಿರಕ್ಕೂ ಹೆಚ್ಚು ಸಾವುನೋವಾಯಿತು, ಅಂದುಕೊಂಡಂತೆ ಜರ್ಮನ್ ಸಾಲು ಮುರಿಯಲಿಲ್ಲ, ಆ ವರ್ಷ ಮುಗಿಯುವುದರೊಳಗೆ ಸೇನಾಧಿಪತಿ ಸರ್ ಜಾನ್ ಫ್ರೆಂಚ್ ತಮ್ಮ ಹುದ್ದೆ ಕಳೆದುಕೊಂಡರು. ಮೈದಾನಕ್ಕೂ ರಣರಂಗಕ್ಕೂ ಹೋಲಿಕೆ ಮಾಡಲೇಬೇಕೆಂದಿದ್ದರೆ ಅದು ಇರುವುದು ತಮ್ಮ ಲೇಖಕರು ಹುಡುಕಿದ ಕಡೆ ಅಲ್ಲ. ಒಮ್ಮೆಯೂ ಒಟ್ಟಿಗೆ ಆಡಿರದ ಹದಿನೈದು ಜನರನ್ನು ಒಬ್ಬರು ಬ್ಲ್ಯಾಕ್‌ಹೀತ್‌ಗೆ ಕಳಿಸಿದರು. ಒಮ್ಮೆಯೂ ಕಂದಕ ಕಂಡಿರದ ಸಾವಿರಾರು ಜನರನ್ನು ಇನ್ನೊಬ್ಬರು ಲೋಸ್‌ಗೆ ಕಳಿಸಿದರು. ಎರಡು ಕಡೆಯೂ ಸಿದ್ಧತೆಯಿಲ್ಲದೆ ಹೋದವರಲ್ಲಿ ಈ ಒಬ್ಬ ಮನುಷ್ಯ ಇದ್ದದ್ದು ಕಾಕತಾಳೀಯ. ಆದರೆ ಮೊದಲನೆಯ ಸೋಲಿನ ನಂತರ ಸೋತವರು ನೀತ್‌ನ ಹೋಟೆಲಿನಲ್ಲಿ ಕುಳಿತು ಮುಂದಿನ ವರ್ಷದ ಯೋಚನೆ ಮಾಡಬಹುದಿತ್ತು. ಹೋಲಿಕೆ ಅಲ್ಲಿಗೇ ಮುರಿದುಬೀಳುತ್ತದೆ, ಮುರಿದುಬೀಳಲೇಬೇಕು.

ಮೊದಲನೆಯ ಮಹಾಯುದ್ಧದಲ್ಲಿ ಪ್ರಾಣ ತೆತ್ತ ವೇಲ್ಸ್‌ನ ಅಂತರರಾಷ್ಟ್ರೀಯ ರಗ್ಬಿ ಆಟಗಾರರು ಹದಿಮೂರು ಮಂದಿ. ಗಾರ್ನನ್ಸ್ ವಿಲಿಯಮ್ಸ್ ಅವರೆಲ್ಲರಿಗಿಂತ ಹಿರಿಯರು. ‘ಅತ್ಯಂತ ಹಿರಿಯ’ ಎಂಬ ಬಿರುದನ್ನು ತಮ್ಮ ಬರಹ ದಾಖಲೆಯೊಂದರಂತೆ ಉಲ್ಲೇಖಿಸಿದೆ. ನನಗೆ ಅದು ದಾಖಲೆಯಾಗಿ ಕಾಣುವುದಿಲ್ಲ. ಅರವತ್ತರ ಹತ್ತಿರದವರನ್ನು ಮುಂಚೂಣಿಗೆ ಕಳಿಸದೆ ಬೇರೆ ದಾರಿಯಿಲ್ಲದಂತಾದ ವ್ಯವಸ್ಥೆಯ ಬಗ್ಗೆ ಅದು ಹೇಳುತ್ತದೆ. ವೈದ್ಯನಾಗಿ ಹೇಳುವುದಾದರೆ, ಆ ವಯಸ್ಸಿನ ದೇಹ ಅಂಥ ರಾತ್ರಿಗಳ ನಡಿಗೆಯನ್ನು ಹೇಗೆ ತಾಳಿಕೊಂಡಿತೆಂಬುದೇ ನನಗೆ ಆಶ್ಚರ್ಯ. ಅವರ ಧೈರ್ಯವನ್ನು ನಾನು ಕಿರಿದು ಮಾಡುತ್ತಿಲ್ಲ. ಆ ಧೈರ್ಯವಿದ್ದದ್ದು ಮನೆಯಲ್ಲಿ ಉಳಿಯಬಹುದಾಗಿದ್ದಾಗ ಉಳಿಯದೆ ಹೋದದ್ದರಲ್ಲಿ. ಅದಕ್ಕೆ ರಗ್ಬಿಯ ಹಂಗಿಲ್ಲ.

ಉಳಿದ ಹನ್ನೆರಡು ಮಂದಿಯಲ್ಲಿ ಕೆಲವರ ಬಗ್ಗೆ ತಮ್ಮ ಪತ್ರಿಕೆ ಮುಂದೆಂದಾದರೂ ಬರೆದರೆ ಒಳ್ಳೆಯದು. ಮೊದಲು ಸತ್ತವರು ನೌಕಾಪಡೆಯ ಎಂಜಿನಿಯರ್ ಚಾರ್ಲ್ಸ್ ಟೇಲರ್, 1915ರ ಜನವರಿಯಲ್ಲಿ ಡಾಗರ್ ಬ್ಯಾಂಕ್ ಕದನದಲ್ಲಿ, ‘ಟೈಗರ್’ ಎಂಬ ಯುದ್ಧನೌಕೆಯ ಮೇಲೆ. ಕಾರ್ಡಿಫ್‌ನ ಜಾನಿ ವಿಲಿಯಮ್ಸ್ ಹದಿನೇಳು ಪಂದ್ಯಗಳಲ್ಲಿ ಹದಿನೇಳು ಟ್ರೈ ಗಳಿಸಿದ ವಿಂಗರ್, ಎಂದರೆ ಮೈದಾನದ ಅಂಚಿನಲ್ಲಿ ಓಡುವ ಆಟಗಾರ. 1916ರ ಜುಲೈಯಲ್ಲಿ ಮಾಮೆಟ್ಜ್ ಕಾಡಿನಲ್ಲಿ ಗಾಯಗೊಂಡು, ಕಾಲು ಕತ್ತರಿಸಿದ ಮೇಲೂ ಉಳಿಯಲಿಲ್ಲ. ನಮಗೆ ಹತ್ತಿರದವರೆನಿಸುವ ಒಬ್ಬರೆಂದರೆ ಹೊರೇಸ್ ವಿಂಡಮ್ ಥಾಮಸ್. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಹಾಡುಗಾರಿಕೆಗಾಗಿ ವಿದ್ಯಾರ್ಥಿವೇತನ ಪಡೆದಿದ್ದ ಅವರು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ, ಮರುತಿಂಗಳು ಇಂಗ್ಲೆಂಡಿನ ವಿರುದ್ಧ ಆಡಿ, ಕೆಲಸ ಹಿಡಿದು ಕಲ್ಕತ್ತೆಗೆ ಹೊರಟುಬಿಟ್ಟರು. ಯುದ್ಧ ಬಂದಾಗ ಸೈನ್ಯ ಸೇರಿ 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಲ್ಲಿ ಸತ್ತರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಸೆಣಸುವ ಕಲ್ಕತ್ತಾ ಕಪ್, ಮುಚ್ಚಿಹೋದ ಕಲ್ಕತ್ತಾ ಕ್ಲಬ್ಬೊಂದರ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಅದರ ಹಿಡಿಕೆಗಳು ನಾಗರಹಾವಿನ ಆಕಾರದವು, ಮುಚ್ಚಳದ ಮೇಲೆ ಆನೆಯಿದೆ. ಇಂಥ ಸಂಗತಿಗಳನ್ನು ನಮ್ಮ ಓದುಗರು ಕುತೂಹಲದಿಂದ ಓದಿಯಾರು.

ಇನ್ನೊಂದನ್ನು ಸೇರಿಸದೆ ಇರಲಾರೆ. ಲೋಸ್ ಕದನ ಬ್ರಿಟಿಷರದಷ್ಟೇ ಆಗಿರಲಿಲ್ಲ. ಅದೇ ಸೆಪ್ಟೆಂಬರ್ 25ರ ಬೆಳಿಗ್ಗೆ, ಫಾಸ್ 8ಕ್ಕೆ ಕೆಲವೇ ಮೈಲಿ ಉತ್ತರದಲ್ಲಿ, ಶತ್ರುವಿನ ಗಮನವನ್ನು ಬೇರೆಡೆ ಸೆಳೆಯುವುದಕ್ಕಾಗಿ ಭಾರತೀಯ ಸೈನ್ಯದ ಮೀರತ್ ಡಿವಿಷನ್ನನ್ನು ದಾಳಿಗೆ ಬಿಟ್ಟಿದ್ದರು. ಗೂರ್ಖಾ ರೈಫಲ್ಸ್‌ನ ಕುಲ್‌ಬೀರ್ ಥಾಪಾ ತಾವೇ ಗಾಯಗೊಂಡಿದ್ದರೂ ಜರ್ಮನ್ ಸಾಲಿನ ಹಿಂದೆ ಬಿದ್ದಿದ್ದ ಒಬ್ಬ ಬ್ರಿಟಿಷ್ ಸೈನಿಕನನ್ನು ಬಿಟ್ಟುಬರದೆ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಆ ದಾಳಿಯಲ್ಲೇ. ಗಾರ್ನನ್ಸ್ ವಿಲಿಯಮ್ಸ್ ಅವರ ಹೆಸರಿರುವ ಗೋಡೆಯಿಂದ ಹೊರಟರೆ ಭಾರತೀಯ ಸೈನಿಕರ ನ್ಯೂವ್ ಶಾಪೆಲ್ ಸ್ಮಾರಕ ಬಹಳ ದೂರವೇನಲ್ಲ. ವೇಲ್ಸ್‌ನ ಒಬ್ಬ ಆಟಗಾರನ ನೆಪದಲ್ಲಿ ಆ ಕದನವನ್ನು ನೆನೆದ ಬರಹದಲ್ಲಿ ಇದಕ್ಕೂ ಒಂದು ಸಾಲಿನ ಜಾಗ ಇರಬಹುದಿತ್ತು.

ನನ್ನ ಕೋರಿಕೆ ಇಷ್ಟೇ. ತಿದ್ದುಪಡಿ ಚಿಕ್ಕದಾದರೂ ಪರವಾಗಿಲ್ಲ, ಪುಟದ ಮೂಲೆಯಲ್ಲಾದರೂ ಪರವಾಗಿಲ್ಲ. 1881ರ ಪಂದ್ಯವನ್ನು ಇಂಗ್ಲೆಂಡ್ ಗೆದ್ದದ್ದು ಏಳು ಗೋಲು, ಒಂದು ಡ್ರಾಪ್ ಗೋಲು, ಆರು ಟ್ರೈಗಳಿಂದ. 1915ರ ಸೆಪ್ಟೆಂಬರಿನಲ್ಲಿ ಫಾಸ್ 8 ಜರ್ಮನರ ಕೈ ಸೇರಿತು. ಮತ್ತು ಹೆಸರಿನ ಕಾಗುಣಿತ ಗಾರ್ನನ್ಸ್, ಗಾರ್ನರ್ ಅಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವೈದ್ಯ, ಕಾರ್ಡಿಫ್
(ಮೂಲತಃ ಧಾರವಾಡ)